ಅರ್ಧ ಗುಲಗಂಜಿ

ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಚಿಂತಾಮಣಿಯ ನಿವೃತ್ತ ಅಳತೆ-ತೂಕದ ಇನ್‌ಸ್ಪೆಕ್ಟರ್ ಪುಟ್ಟಸ್ವಾಮಯ್ಯನವರ ಮನೆಯಲ್ಲಿ ಶನಿವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಯಾರೂ ಫ್ಯಾನ್ ಹಾಕತಕ್ಕದ್ದಲ್ಲ. ಬಾಗಿಲು ದಬ್ಬತಕ್ಕದ್ದಲ್ಲ. ಒಗ್ಗರಣೆ ಹಾಕಬಹುದು, ಸೀನತಕ್ಕದ್ದಲ್ಲ.

ಆದೇಶ ಹೊರಡಿಸಿದವರು ಕೋಣೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡರು. ಗಾಳಿಗೆ ತಕ್ಕಡಿ ಅಲುಗಬಾರದೆಂದು ಫ್ಯಾನ್ ನಿಲ್ಲಿಸುವುದು ಪ್ರತಿಸಲದ ಪದ್ಧತಿ. ಚಿಲಕ ಮಾತ್ರ ಇದೇ ಮೊದಲು.

ಮೇಜಿನ ಮೇಲೆ ಪುಟ್ಟ ತಕ್ಕಡಿ, ಮದ್ದು ಅಳೆಯುವ ಯಂತ್ರ, ಸಾಲಾಗಿ ನಿಂತ ಖಾಲಿ ಕಾಡತೂಸುಗಳು. ಗೋಡೆಯ ಮೇಲೆ ರೈಫಲ್ ಕ್ಲಬ್ಬಿನ ಪರವಾನಗಿ, ಗಾಜಿನ ಕಟ್ಟು ಹಾಕಿಸಿದ್ದು. ಕ್ಲಬ್ಬಿನ ಕಾರ್ಯದರ್ಶಿ ಅವರೇ. ಎಲ್ಲರ ಕಾಡತೂಸಿಗೂ ಮದ್ದು ತುಂಬುವವರೂ ಅವರೇ. ಬಂದೂಕನ್ನು ಮಾತ್ರ ಒಂದು ದಿನವೂ ಹೆಗಲಿಗೇರಿಸಿದವರಲ್ಲ. ಆ ಸದ್ದಿಗೇ ಅವರ ಎದೆ ಹಾರುತ್ತಿತ್ತು.

ಆದರೆ ಅಳತೆಯಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಯಂತ್ರದ ಗಾಜಿನ ಕೊಳವೆಯಲ್ಲಿ ಮದ್ದು ಅರ್ಧಕ್ಕಿಂತ ಕೆಳಗಿಳಿಯಬಾರದು. ಹಿಡಿಯನ್ನು ಪ್ರತಿಸಲವೂ ಒಂದೇ ವೇಗದಲ್ಲಿ ಎಳೆಯಬೇಕು. ಎಳೆದ ಮೇಲೆ ಬೆರಳಿನಿಂದ ಎರಡು ತಟ್ಟು; ಮೂರಲ್ಲ. ಆಮೇಲೆ ತಕ್ಕಡಿ. ಒಂದು ಕಣ ಹೆಚ್ಚು ಬಿದ್ದರೂ ವಾಪಸು. ಮನುಷ್ಯನೂ ತೂಕದವನೇ, ಮಾತೂ ತೂಕದ್ದೇ.

ಇವತ್ತು ಆ ತೂಕ ತಪ್ಪಬೇಕಿತ್ತು.

ಮೊದಲ ಡಬ್ಬಿಯ ಮೇಲೆ 'ಕವಿತ' ಎಂದು ಬರೆದಿತ್ತು. ಪುಟ್ಟಸ್ವಾಮಯ್ಯ ಯಂತ್ರದ ತಿರುಪನ್ನು ಹಿಂದಕ್ಕೆ ತಿರುಗಿಸಿದರು. ಅರ್ಧ ಗುಲಗಂಜಿಯಷ್ಟು ತೂಕ ಕಮ್ಮಿ. ಪುಸ್ತಕ ಹೇಳುವ ಮಿತಿಯೊಳಗೇ ಇತ್ತು. ಬಂದೂಕಿಗೂ ಹುಡುಗಿಗೂ ಅಪಾಯವಿಲ್ಲ, ಅಪಾಯವೆಲ್ಲ ಅವಳ ಗುರಿಗೆ.

ನಾಳಿನ ಪಂದ್ಯದಲ್ಲಿ ಗೆದ್ದ ಒಬ್ಬಳ ಹೆಸರು ಮಾತ್ರ ರಾಜ್ಯಮಟ್ಟಕ್ಕೆ ಹೋಗುತ್ತದೆ. ಮೊಮ್ಮಗಳು ಮಹತಿ ಕಳೆದ ಎರಡು ವರ್ಷವೂ ಕವಿತಳ ಹಿಂದೆಯೇ ನಿಂತಿದ್ದಳು. ಮುಂದಿನ ವರ್ಷ ಅವಳಿಗೆ ಜೂನಿಯರ್ ವಯಸ್ಸು ಮೀರುತ್ತದೆ. ಕಮ್ಮಿ ಅಳತೆ ಎಂದರೆ ಮೋಸ, ಮೋಸ ಹೋದವರಿಗೆ ನಷ್ಟ. ಮೂವತ್ತೆರಡು ವರ್ಷದ ಸರ್ವೀಸು ಅವರಿಗೆ ಕಲಿಸಿದ್ದು ಅಷ್ಟೇ.

ಬೆವರು ತಕ್ಕಡಿಯ ಮೇಲೆ ತೊಟ್ಟಿಕ್ಕದಂತೆ ಹಣೆಗೆ ಟವೆಲ್ ಕಟ್ಟಿಕೊಂಡು, ಐವತ್ತು ಕಾಡತೂಸುಗಳನ್ನೂ ತೂಗಿ ತೂಗಿ ತುಂಬಿದರು. ಕಳ್ಳತನ ಮಾಡಿ ಅಭ್ಯಾಸವಿಲ್ಲದವರು, ಅದನ್ನೂ ಅಚ್ಚುಕಟ್ಟಾಗಿ ಮಾಡಿದರು.

ಕವಿತಳ ಅಪ್ಪ ಮುನಿವೆಂಕಟಪ್ಪ ದಿಬ್ಬೂರಹಳ್ಳಿಯಿಂದ ಮೊಸರಿನ ಕ್ಯಾನ್ ಹಿಡಿದು ಬಂದ.

"ನಮ್ಮನೇವ್ಳು ಕದಿರಮ್ಮ ಕಳ್ಸವ್ಳೆ ಸಾಮಿ. ಮಗೂ ಡಬ್ಬಿ ರೆಡಿನಾ?"

"ತೆಗ್ದು ನೋಡ್ಕೊಳಪ್ಪ ಒಂದ್ಸಲ," ಎಂದರು ಪುಟ್ಟಸ್ವಾಮಯ್ಯ, ಡಬ್ಬಿಯನ್ನು ಕೊಡುತ್ತ.

"ನೀವು ಅಳ್ದಿದ್ದನ್ನ ನಾನು ನೋಡದಾ? ಅವತ್ತು ನನ್ನ ಹಾಲಿನ ಲೀಟರ್ರು ಕಮ್ಮಿ ಅಂತ ಸಂತೇಲಿ ಕಾಲಲ್ಲಿ ತುಳ್ದು ಚಪ್ಪಟೆ ಮಾಡಿದ್ರಲ್ಲ ಸಾಮಿ, ಅದನ್ನ ಈಗ್ಲೂ ಗೋಡೆಗೆ ನೇತಾಕಿವ್ನಿ. ಅವತ್ತಿಂದ ಸರಿಹೋದೆ ನಾನು."

ಮುನಿವೆಂಕಟಪ್ಪ ಹೋದ ಮೇಲೆ ಆ ಮುಚ್ಚಿದ ಕೋಣೆಯಲ್ಲಿ ಕೂರಲು ಅವರಿಂದಾಗಲಿಲ್ಲ. ಬಾಗಿಲು ತೆರೆದರು, ಕಿಟಕಿಯನ್ನೂ ತೆರೆದರು.

"ಬೆವ್ತು ಹೋಗಿದ್ದೀರಲ್ರೀ, ಫ್ಯಾನ್ ಹಾಕ್ಲಾ?" ಎಂದರು ಹೆಂಡತಿ ಅಲಮೇಲು.

"ಹಾಕು, ಹಾಕು."

ಎರಡನೆಯ ಡಬ್ಬಿ ಮಹತಿಯದು. ತಿರುಪು ಮತ್ತೆ ಮೊದಲಿನ ಜಾಗಕ್ಕೆ ಬಂತು. ಸೊಪ್ಪಿನವಳು ಕಟ್ಟಿನ ಮೇಲೆ ನಾಲ್ಕು ಕಡ್ಡಿ ಕೊಸರು ಇಡುವಂತೆ, ಪ್ರತಿ ಅಳತೆಗೂ ಉಗುರಿನ ತುದಿಯಿಂದ ಒಂದಿಷ್ಟು ಸೇರಿಸಿದರು. ಒಂದಕ್ಕೆ ನಾಲ್ಕು ಕಣ, ಒಂದಕ್ಕೆ ಹತ್ತು. ಇದೂ ಮಿತಿಯೊಳಗೇ.

"ಇದನ್ನ ತೂಗಲ್ವಾ?" ಕಾಫಿ ತಂದ ಅಲಮೇಲು ಕೇಳಿದರು.

"ಮನೆ ಮಗೂಗೆ ಯಾತರ ತಕ್ಕಡಿಯೇ?"

ಭಾನುವಾರ, ಪೆರೇಸಂದ್ರದಾಚೆಯ ಹಳೆಯ ಕಲ್ಲುಕ್ವಾರಿ. ಮುನ್ನೂರು ಮೀಟರ್ ದೂರದಲ್ಲಿ ಗುರಿಹಲಗೆಗಳು. ಪುಟ್ಟಸ್ವಾಮಯ್ಯ ಕಿವಿಗೆ ಹತ್ತಿ ತುರುಕಿಕೊಂಡು ದುರ್ಬೀನಿಗೆ ಕಣ್ಣಿಟ್ಟರು. ಕವಿತಳ ಮೊದಲ ಗುಂಡು ಕಪ್ಪು ಚುಕ್ಕೆಯ ಕೆಳಗೆ ಬಿತ್ತು. ಎರಡನೆಯದೂ ಕೆಳಗೆ. ಐದಕ್ಕೆ ಐದೂ ಕೆಳಗೆ.

ಪಕ್ಕದಲ್ಲಿದ್ದ ಮುನಿವೆಂಕಟಪ್ಪನಿಗೆ ಏನೂ ಕಾಣುತ್ತಿರಲಿಲ್ಲ. "ಎಂಗೈತೆ ಸಾಮಿ? ಚೆನ್ನಾಗಿ ಒಡೀತಾವ್ಳಾ?" ಎಂದು ನಗುತ್ತ ಕೇಳುತ್ತಿದ್ದ.

ಆ ನಗುವನ್ನು ಪುಟ್ಟಸ್ವಾಮಯ್ಯ ತಾಳಲಾರದೆ ಹೋದರು. ದುರ್ಬೀನು ಬಿಟ್ಟೆದ್ದು ತೀರ್ಪುಗಾರ ಗಣೇಶ್ ಪ್ರಸಾದನ ಮೇಜಿಗೆ ಧಾವಿಸಿದರು.

"ಪಂದ್ಯ ನಿಲ್ಸಪ್ಪ. ಒಂದು ವಿಷ್ಯ ಹೇಳ್ಬೇಕು. ಕಾಡತೂಸಿನಲ್ಲಿ..."

"ಗುಂಡು ಹಾರೋವಾಗ ಮಾತಾಡಂಗಿಲ್ಲ ಸಾರ್. ನೀವೇ ಬರ್ದಿರೋ ರೂಲು. ಕೂತ್ಕೊಳಿ."

ಕೂತರು. ಗೋಡೆಯ ಮೇಲಿನ ಆ ಚಪ್ಪಟೆ ಲೀಟರು ಕಣ್ಣ ಮುಂದೆ ತೂಗಾಡಿತು. ದುರ್ಬೀನಿನ ಹತ್ತಿರ ಮತ್ತೆ ಸುಳಿಯಲಿಲ್ಲ.

ಕೊನೆಯ ಗುಂಡು ಹಾರಿ ಅರ್ಧ ಗಂಟೆಯ ಮೇಲೆ ಗಣೇಶ್ ಪ್ರಸಾದ್ ಫಲಿತಾಂಶದ ಹಾಳೆಯನ್ನು ಅವರ ಕೈಗಿಟ್ಟ. ಕಾರ್ಯದರ್ಶಿಯೇ ಓದಬೇಕು. ಓದಿದರು. ಮೊದಲನೆಯವಳು ಕವಿತ. ಮಹತಿ ನಾಲ್ಕನೆಯವಳು.

ಕವಿತ ಓಡಿ ಬಂದು ಕಾಲಿಗೆ ಬಿದ್ದಳು.

"ಏಳಮ್ಮ, ಏಳು. ನಾನು ನಿನಗೆ... ನಿನ್ನ ಮದ್ದು..."

"ಅದಕ್ಕೇ ತಾತ ನಮಸ್ಕಾರ! ಮೊದ್ಲು ಐದೂ ಕೆಳಗೆ ಬಿತ್ತಾ, ಜೀವಾನೇ ಹೋಯ್ತು. ನೋಡಿದ್ರೆ ಐದೂ ಒಂದೇ ಕಡೆ, ಅಂಗೈಯಲ್ಲಿ ಮುಚ್ಬೋದು! ಆ ಪರೀಕ್ಷೆ ಗುಂಡುಗಳು ಲೆಕ್ಕಕ್ಕೆ ಬರಲ್ಲ ಅಂತ ನಿಮ್ಮ ರೂಲೇ ಐತಲ್ಲ? ಬಂದೂಕಿನ ಗುರಿ ನೋಡೋ ಸೈಟ್ ಚೂರು ಮೇಲಕ್ಕೆ ತಿರುಗಿಸ್ದೆ, ಅಷ್ಟೇ. ಆಮೇಲೆ ಎಲ್ಲಾ ಕಪ್ಪಿಗೇ ಬಿತ್ತು. ಮದ್ದು ಎಷ್ಟಾದ್ರೂ ಇರ್ಲಿ, ಎಲ್ಲಾದ್ರಲ್ಲೂ ಸಮ ಇರ್ಬೇಕು. ಇಷ್ಟು ಸಮವಾಗಿ ಮದ್ದು ಯಾರು ತುಂಬ್ತಾರೆ ತಾತ?"

ಅವಳ ಹಿಂದೆ ಮಹತಿ ನಿಂತಿದ್ದಳು, ಕಣ್ಣು ಕೆಂಪಗೆ.

"ನನ್ನದು ಒಂದು ಮೇಲೆ, ಒಂದು ಕೆಳಗೆ. ಸೈಟ್‌ನ ಯಾವ ಕಡೆಗೆ ಅಂತ ತಿರುಗಿಸ್ಲಿ ತಾತ? ನನ್ನ ಡಬ್ಬಿ ತುಂಬೋವಾಗ ಫ್ಯಾನ್ ಹಾಕ್ಕೊಂಡಿದ್ರಾ?"