ಒಂದೇ ಮನೆಯ ಇಬ್ಬರು

ಮಾರ್ಚ್ 14, ಶುಕ್ರವಾರ, ಬೆಳಿಗ್ಗೆ 9.40. ಹಿಡಿತ ಅಳೆಯುವ ಯಂತ್ರವನ್ನು ಟೈಲ್ಸ್ ಮೇಸ್ತ್ರಿ ಬಲಗೈಯಲ್ಲಿ ಅಮುಕಿದ. ಮುಳ್ಳು ಮೂವತ್ತನ್ನು ದಾಟಿ ನಲವತ್ತೊಂದು ಕಿಲೋದಲ್ಲಿ ನಿಂತಿತು. ಫಿಸಿಯೋಥೆರಪಿಸ್ಟ್ ಅದನ್ನು ಸೊನ್ನೆಗೆ ತಂದು ಇನ್ನೊಮ್ಮೆ ಅಮುಕಿಸಿದಳು. ನಲವತ್ತೊಂದೇ.

ಅವಳಿಗೆ ಸಂತೋಷವಾಗಲಿಲ್ಲ. ಟೆನಿಸ್ ಎಲ್ಬೋ ಎಂಬ ಮೊಣಕೈ ನೋವಿನ ಮೂವತ್ತಾರು ಜನರನ್ನು, ಚೀಟಿ ಎತ್ತಿ, ಹನ್ನೆರಡು ಹನ್ನೆರಡರಂತೆ ಮೂರು ಗುಂಪು ಮಾಡಿ ವರ್ಷವಾಗಿತ್ತು. ಇಂಜೆಕ್ಷನ್ ಗುಂಪಿನವರು ಆರನೇ ವಾರಕ್ಕೇ ಕೈ ಬೀಸಿಕೊಂಡು ಹೋಗಿದ್ದರು. ವರ್ಷ ತುಂಬುವಷ್ಟರಲ್ಲಿ ಹೆಚ್ಚಿನವರ ನೋವು ಮರಳಿತ್ತು. ವ್ಯಾಯಾಮದ ಗುಂಪಿನ ಸರಾಸರಿ ಹಿಡಿತ ಇಪ್ಪತ್ತೊಂಬತ್ತು ಕಿಲೋ. ಚಿಕಿತ್ಸೆಯಿಲ್ಲದೆ ಸುಮ್ಮನೆ ಕಾಯುವ ಗುಂಪಿನದು, ಹನ್ನೊಂದು ಜನಕ್ಕೆ, ಇಪ್ಪತ್ತಾರು. ಹನ್ನೆರಡನೆಯವನು ಈ ಮೇಸ್ತ್ರಿ.

"ಕಾದರೂ ವಾಸಿಯಾಗುತ್ತೆ ಅಂದ್ರೆ ವ್ಯಾಯಾಮಕ್ಕೆ ಬೇರೆ ಕೋಣೆ ಯಾಕಮ್ಮ? ಮೂರು ಕಿಲೋ ವ್ಯತ್ಯಾಸ ತೋರಿಸು, ಕೋಣೆ ಇಟ್ಕೋ" ಎಂದಿದ್ದರು ಆಸ್ಪತ್ರೆಯ ಮುಖ್ಯಸ್ಥರು.

"ಮನೇಲಿ ಏನಾದ್ರೂ ಮಾಡಿದ್ರಾ ಮೇಸ್ತ್ರಿಗಳೇ?" ಎಂದು ಕೇಳಿದಳು ಫಿಸಿಯೋಥೆರಪಿಸ್ಟ್.

"ಏನಿಲ್ಲ ಮೇಡಂ. ಕಾಯಿ ಅಂದ್ರಿ, ಕಾದೆ."

ಪಕ್ಕದ ಸ್ಟೂಲಿನಲ್ಲಿದ್ದ ಅವನ ಹೆಂಡತಿ ನಕ್ಕಳು. ಬಟ್ಟೆ ಹೊಲಿಯುವವಳು, ವ್ಯಾಯಾಮದ ಗುಂಪಿನವಳು. "ಬಸ್ಸಿಗೇ ಐದು ನಿಮಿಷ ಕಾಯದ ಜೀವ ಇದು. ನಂಬ್ತೀರಾ ಮೇಡಂ?"

"ನೀನು ಸುಮ್ನಿರೇ."

"ಯಾಕ್ರೀ ಸುಮ್ನಿರ್ಲಿ? ದಿನಾ ಸಂಜೆ ನಾನು ನೀರಿನ ಬಾಟ್ಲಿ ಹಿಡ್ಕೊಂಡು ಮಣಿಕಟ್ಟು ನಿಧಾನಕ್ಕೆ ಇಳಿಸ್ತಿದ್ರೆ, ಎಣಿಸಿ ಕೊಡ್ತೀನಿ ಅಂತ ಎದುರಿಗೆ ಬಂದು ಕೂತ್ರು. ಎರಡನೇ ವಾರಕ್ಕೆ ಅವರ ಕೈಯಲ್ಲೂ ಒಂದು ಬಾಟ್ಲಿ. ಅದೂ ನನ್ನದಕ್ಕಿಂತ ದೊಡ್ಡದು."

ಮೇಸ್ತ್ರಿ ನೆಲದ ಟೈಲ್ಸುಗಳ ಸಂದನ್ನು ಪರೀಕ್ಷಿಸತೊಡಗಿದ. "ನೋಡ್ತಾ ನೋಡ್ತಾ ಕೈ ತಾನಾಗೇ ಆಡ್ತು ಮೇಡಂ. ನಿಮ್ಮ ಲೆಕ್ಕ ಕೆಡುತ್ತೆ ಅಂತ ಬಾಯಿ ಬಿಡಲಿಲ್ಲ."

ಫಿಸಿಯೋಥೆರಪಿಸ್ಟ್ ಪೆನ್ನು ಕೆಳಗಿಟ್ಟಳು. ಒಂದೇ ಮನೆಯ ಇಬ್ಬರನ್ನು ಚೀಟಿಯ ಡಬ್ಬಿಯ ಮುಂದೆ ನಿಲ್ಲಿಸಿದವಳು ಅವಳೇ.

"ಅದಕ್ಕೇನೀಗ?" ಎಂದಳು ಹೆಂಡತಿ. "ಇವರನ್ನ ನಮ್ಮ ಗುಂಪಿಗೆ ಹಾಕ್ಕೊಳ್ಳಿ. ಮಾಡಿದ್ದು ವ್ಯಾಯಾಮಾನೇ ಅಲ್ವಾ?"

ಹಾಗೆ ಹಾಕಿಕೊಂಡರೆ ವ್ಯತ್ಯಾಸ ನಾಲ್ಕು ಕಿಲೋದ ಹತ್ತಿರ. ಅವನ ಹೆಸರನ್ನೇ ಹೊಡೆದುಹಾಕಿದರೂ ಸರಿಯಾಗಿ ಮೂರು. ಕಾಯುವವರಲ್ಲೇ ಉಳಿಸಿದರೆ ಮಾತ್ರ ಕೋಣೆ ಕೈಬಿಟ್ಟಂತೆ.

"ಆಗಲ್ಲಮ್ಮ. ಚೀಟಿ ಯಾವ ಗುಂಪಿಗೆ ಬಂತೋ ಎಣಿಕೆ ಅಲ್ಲೇ. ಫಲ ನೋಡ್ಕೊಂಡು ಜನರನ್ನ ಆಕಡೆ ಈಕಡೆ ಮಾಡ್ತಾ ಹೋದ್ರೆ, ನನಗೆ ಇಷ್ಟವಾದ ಚಿಕಿತ್ಸೆಯೇ ಯಾವಾಗ್ಲೂ ಗೆಲ್ಲುತ್ತೆ."

"ನನ್ನಿಂದ ನಿಮಗೆ ತೊಂದ್ರೆ ಆಯ್ತು" ಎಂದ ಮೇಸ್ತ್ರಿ.

"ಈಗ ಕೈ ನೋಯುತ್ತಾ?"

"ಎಲ್ಲಿ ನೋವು? ನಿನ್ನೆ ಒಬ್ಬನೇ ಒಂದು ರೂಮು ಪೂರ್ತಿ ಹಾಕ್ದೆ."

"ಹಾಗಾದ್ರೆ ಬಾಟ್ಲಿ ಬಿಡಬೇಡಿ."

ಇಬ್ಬರೂ ಹೋದ ಮೇಲೆ ನಡೆದದ್ದನ್ನೆಲ್ಲ ನಾಲ್ಕು ಸಾಲಿನಲ್ಲಿ, ತನ್ನ ತಪ್ಪನ್ನೂ ಸೇರಿಸಿ ಬರೆದಳು. ಮುಖ್ಯಸ್ಥರು ಕೊನೆಯ ಪುಟವನ್ನಷ್ಟೇ ಓದುತ್ತಾರೆಂದು ಅವಳಿಗೆ ಗೊತ್ತಿತ್ತು. ಪುಟ ತಿರುವಿ ಕೊನೆಯ ಚೌಕ ತುಂಬಿದಳು. ಕಾದವರಿಗಿಂತ ವ್ಯಾಯಾಮ ಮಾಡಿದವರ ಹಿಡಿತ ಹೆಚ್ಚು: 1.75 ಕಿಲೋ.