ಮೂರನೇ ಆವೃತ್ತಿ ಬಾರದವರ ಪಟ್ಟಿ

“ಮಾವ, ನಿಮ್ಮ ಕೆಲಸಕ್ಕೆ ನಾನೇ ಕಲ್ಲು ಹಾಕಿಬಿಟ್ಟೆ.”

ಏಣಿಯ ಬುಡದಲ್ಲಿ ನಿಂತಿದ್ದ ಇಂಜಿನಿಯರ್ ಹುಡುಗಿ ಕತ್ತೆತ್ತಿ ಹೇಳಿದಳು. ಏಣಿಯ ಮೇಲಿದ್ದವನು ಆಸ್ಪತ್ರೆಯ ಹಳೆಯ ಟೆಕ್ನಿಷಿಯನ್; ಎಲ್ಲರ ಬಾಯಲ್ಲೂ ತಂತಿ ಮಾವ. ಮೂರು ಮಹಡಿಗಳ ಕಂಪ್ಯೂಟರ್‌ಗಳನ್ನು ಬೆಸೆಯುವ ನೂರ ಹದಿನೆಂಟು ಸ್ವಿಚ್ ಪೆಟ್ಟಿಗೆಗಳೂ ಅವನ ಕೈಯಿಂದಲೇ ಕೂತಿದ್ದವು.

ಆಗಿದ್ದು ಇಷ್ಟು. ಪ್ರತಿ ಪೆಟ್ಟಿಗೆಯನ್ನೂ ದೂರದಿಂದಲೇ ‘ಹೇಗಿದ್ದೀಯ?’ ಎಂದು ವಿಚಾರಿಸಲು ಒಂದು ಪದ್ಧತಿ ಇದೆ. ಅದರ ಮೊದಲನೇ ಆವೃತ್ತಿಯಲ್ಲಿ ಎಲ್ಲ ಮಾತೂ ಬಟ್ಟಬಯಲು. ಮೂರನೆಯದರಲ್ಲಿ ಗುಟ್ಟಿನ ಪದ ಹೇಳಿದವರಿಗಷ್ಟೇ ಉತ್ತರ. ಯಾವ ಪೆಟ್ಟಿಗೆಗೆ ಯಾವ ಆವೃತ್ತಿ ಬರುತ್ತದೆಂದು ಪತ್ತೆಮಾಡಲು ಮ್ಯಾನೇಜರ್ ಈ ಹುಡುಗಿಗೆ ಹೇಳಿದ್ದ. ಅವಳ ಪ್ರೋಗ್ರಾಂ ನೂರ ಹದಿನೆಂಟರ ಮುಂದೂ ‘ಹಳೆಯದು’ ಎಂದು ಬರೆಯಿತು. ಮ್ಯಾನೇಜರ್ ಪೆಟ್ಟಿಗೆಗಳನ್ನು ಗುಜರಿಗೆ ಬರೆದ. ಅದೇ ಉಸಿರಿನಲ್ಲಿ ಅವುಗಳ ಜತೆ ಬೆಳೆದ ತಂತಿ ಮಾವನನ್ನು ಕೆಲಸದಿಂದ ಬಿಡಿಸಿ ಮನೆಗೆ ಬರೆದ.

ಮಾವ ನಿಧಾನಕ್ಕೆ ಇಳಿದು ಕೈ ಒರೆಸಿಕೊಂಡ. “ಮೊದಲು ಯಾವುದರಲ್ಲಿ ಕೇಳಿದೆ?”

“ಒಂದರಲ್ಲಿ. ಉತ್ತರ ಬಂತು. ಬರೆದುಕೊಂಡು ಮುಂದಕ್ಕೆ ಹೋದೆ.”

“ಒಂದರಲ್ಲಿ ಕೇಳಿದರೆ ಒಂದರಲ್ಲೇ ಹೇಳ್ತವೆ ತಾಯಿ. ಮೂರನ್ನ ನಾನೇ ಹಾಕಿಟ್ಟು ನಾಲ್ಕು ವರ್ಷ ಆಯ್ತು.”

“ಮತ್ತೆ ಹಳೇದನ್ನ ಯಾಕೆ ಮುಚ್ಚಲಿಲ್ಲ?”

“ಮ್ಯಾನೇಜರ್ ಸಾಹೇಬರ ಕಂಪ್ಯೂಟರ್‌ಗೆ ಅದೊಂದೇ ಬರೋದು. ಮುಚ್ಚಬೇಡ ಅಂದ್ರು.”

ಮಾವ ಗುಟ್ಟಿನ ಪದವನ್ನು ಅವಳ ಅಂಗೈ ಮೇಲೆ ಪೆನ್ನಿನಿಂದ ಬರೆದ. ಅವಳು ಒಂದೇ ಉಸಿರಿಗೆ ಮೆಟ್ಟಿಲು ಹತ್ತಿ, ಮೂರನೇ ಆವೃತ್ತಿಯಲ್ಲೇ ಮೊದಲು ಕೇಳುವಂತೆ ಪ್ರೋಗ್ರಾಂ ತಿದ್ದಿದಳು. ಒಂದು, ಹತ್ತು, ಅರವತ್ತು... ನೂರ ಹದಿನೆಂಟೂ ಓಗೊಟ್ಟವು. ಅವಳ ಕಣ್ಣಲ್ಲಿ ನೀರೇ ಬಂತು.

ಹೊಸ ಪಟ್ಟಿ ಹಿಡಿದು ಮ್ಯಾನೇಜರ್ ಕೋಣೆಗೆ ಓಡಿದಳು. ಅವನು ಕನ್ನಡಕ ಏರಿಸಿ, ಪುಟ ತಿರುವಿ, ತಲೆದೂಗಿದ.

“ಭೇಷ್! ಒಂದು ಪೆಟ್ಟಿಗೇನೂ ತೆಗೆಯೋ ಹಾಗಿಲ್ಲ ಅನ್ನು. ಗುಜರಿ ಆದೇಶ ಈಗಲೇ ರದ್ದು.”

“ಹಾಗೇ ತಂತಿ ಮಾವನನ್ನ ಬಿಡಿಸಿದ ಆದೇಶಾನೂ ಸಾರ್. ಇದನ್ನೆಲ್ಲ ಕಲಿತು ಹಾಕಿದ್ದೇ ಅವರು.”

ಮ್ಯಾನೇಜರನ ಪೆನ್ನು ಗಾಳಿಯಲ್ಲೇ ನಿಂತಿತು. ಮುಖದಲ್ಲಿ ನಿಜವಾದ ಮರುಕವೇ ಇತ್ತು.

“ಪಾಪ, ಒಳ್ಳೇ ಮನುಷ್ಯ. ಆದರೆ ಏನ್ಮಾಡಲಮ್ಮ? ಪೆಟ್ಟಿಗೆಗಳನ್ನಾದ್ರೆ ಇನ್ನೊಂದ್ಸಲ ಕೇಳಿ ನೋಡೋಕೆ ನಿಯಮದಲ್ಲಿ ಅವಕಾಶ ಇದೆ. ಮನುಷ್ಯರನ್ನ ಕೇಳೋಕೆ ಇಲ್ಲ.”