ಅರ್ಧ ಬಕೆಟ್ ನೀರು

ಬೆಳಿಗ್ಗೆ ಏಳು ಗಂಟೆ. ಕುಮಾರ್ ಕಾರು ತೊಳೆಯುತ್ತಿದ್ದ.

2003ರ ಜನವರಿ. ಜಾವಳಿ ಕಡೆಯ ತೋಟಗಳಲ್ಲಿ ಕಾಫಿ ಕೊಯ್ಲಿನ ಬಿರುಸು. ಆ ದಿನಗಳಲ್ಲಿ ಯಾರೂ ಕಾರು ತೊಳೆಯುವುದಿಲ್ಲ. ತೋಟದ ನೀರಿಗೆ ಮೊದಲ ಹಕ್ಕು ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ನದು. ತೊಳೆದರೂ ಮಣ್ಣುರಸ್ತೆಯಲ್ಲಿ ಒಮ್ಮೆ ಹೋಗಿಬಂದರೆ ಮತ್ತೆ ಕೆಂಪು. ಹಾಗಾಗಿ ಊರಿನಲ್ಲಿ ಒಂದು ಲೆಕ್ಕವಿತ್ತು: ಕೊಯ್ಲಿನಲ್ಲಿ ಕಾರು ತೊಳೆಯುವ ಮನೆಯವರು ಹೆಣ್ಣು ಕೇಳಲು ಹೊರಟಿದ್ದಾರೆ. ಈ ಲೆಕ್ಕ ತಪ್ಪಿದ್ದು ಯಾರಿಗೂ ನೆನಪಿಲ್ಲ. ಸಂಕ್ರಾಂತಿ ಬೇರೆ ಕಳೆದಿತ್ತು, ಶುಭಕಾರ್ಯಕ್ಕೆ ಅಡ್ಡಿಯಿರಲಿಲ್ಲ.

ಮೇಘಶ್ರೀ ಬೇಲಿಯ ಈಚೆ ನಿಂತು ನೋಡುತ್ತಿದ್ದಳು. ಎರಡು ತೋಟಗಳ ನಡುವೆ ಇದ್ದದ್ದು ಆ ಬೇಲಿಯೊಂದೇ. ಕುಮಾರ್ ಇವತ್ತಲ್ಲ ನಾಳೆ ತನ್ನನ್ನು ಕೇಳುತ್ತಾನೆ ಎಂದು ನಂಬಿ ಅವಳು ಬಂದ ಸಂಬಂಧಗಳನ್ನೆಲ್ಲ ಬೇಡವೆಂದಿದ್ದಳು. ಅವನು ಹಾಗೆ ಹೇಳಿರಲಿಲ್ಲ. ಅವಳೂ ಯಾರಿಗೂ ಹೇಳಿರಲಿಲ್ಲ.

"ನೀರೇ ಹಾಕದೆ ಎಂತ ತೊಳೆಯೋದು ಮಾರಾಯ ಅದು?"

"ಹಾಕೋದೇ ಬೇಡ ಮಾರಾಯ್ತಿ. ಅರ್ಧ ಬಕೆಟ್ ನೀರಿಗೆ ಒಂದು ಮುಚ್ಚಳ ಈ ಲಿಕ್ವಿಡ್. ಬಟ್ಟೆ ಅದ್ದಿ ಒರೆಸೋದು, ಇನ್ನೊಂದರಲ್ಲಿ ಒಣಗಿಸೋದು. ಮುಗೀತು. ಬೆಂಗಳೂರಿಂದ ತರಿಸಿದ್ದು."

"ಬೆಂಗಳೂರಿಂದ ತರಿಸ್ಬೇಕಾದ್ರೆ ಹೋಗೋ ಮನೆಯೂ ಭಾರಿದೇ ಇರ್ಬೇಕು."

ಕುಮಾರ್ ನಕ್ಕ. "ಸಾಯಂಕಾಲ ಗೊತ್ತಾಗುತ್ತೆ ಬಿಡು. ಒಂದು ಫೋನ್ ಬರ್ಬೇಕು. ಬರ್ದಿದ್ರೆ ಕಾರು ಕ್ಲೀನ್ ಆಗಿದ್ದೇ ಲಾಭ."

ಅವನು ಮೇಲಿನಿಂದ ಕೆಳಕ್ಕೆ ಒರೆಸುತ್ತಿದ್ದ. ಬಟ್ಟೆಯ ಒಂದು ಮಗ್ಗುಲು ಕೊಳೆಯಾದೊಡನೆ ಮಡಿಸಿ ಇನ್ನೊಂದು ಮಗ್ಗುಲು. ದೂಳಿನ ಮೇಲೆ ಇಬ್ಬನಿ ಕೂತು ಕೆಸರಾಗಿತ್ತು. ಒತ್ತಿ ಉಜ್ಜಿದರೆ ಗೀರು ಬೀಳುತ್ತದೆ. ಮುಂದಿನ ಸೀಟನ್ನು ಅವನು ಹಾಗೇ ಬಿಟ್ಟ. ಹಿಂದಿನ ಬಾಗಿಲು ತೆಗೆದು ಸೀಟು, ಹಿಡಿ, ಗಾಜಿನ ಒಳಮೈ ಎಲ್ಲವನ್ನೂ ಒರೆಸಿದ.

ನವೆಂಬರಿನಲ್ಲಿ ಒಂದು ಮದುವೆಗೆ ವಸ್ತಾರೆಯ ಶಾಲಿನಿ ಅದೇ ಸೀಟಿನಲ್ಲಿ ಕೂತು ಬಂದಿದ್ದಳು. ಕಾರಿನಿಂದ ಇಳಿಯುವಾಗ ಅವಳ ಸೆರಗು ಬಾಗಿಲಿಗೆ ಸಿಕ್ಕಿಕೊಂಡಿತ್ತು. ಬಿಡಿಸಿಕೊಟ್ಟವನು ಕುಮಾರ್. ಆ ಸೆರಗಿನ ಬಣ್ಣ, ಅಂಚು ಎರಡೂ ಮೇಘಶ್ರೀಗೆ ಇವತ್ತಿಗೂ ನೆನಪಿತ್ತು. ಈಗ ಅವನು ಅದೇ ಬಾಗಿಲನ್ನು ಒರೆಸುತ್ತಿದ್ದ ನಾಜೂಕು ನೋಡಿ ಹೋಗುವುದು ವಸ್ತಾರೆಗೇ ಎಂದು ಅವಳು ತೀರ್ಮಾನಿಸಿದಳು.

ಜಗಲಿಯಲ್ಲಿ ಕುಮಾರನ ತಂದೆ ಚನ್ನಕೇಶವ ಶತಪಥ ಹಾಕುತ್ತಿದ್ದರು. ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಆ ಮನೆಗೊಂದು ಹೆಣ್ಣು ದಿಕ್ಕು ಬೇಕೆಂದು ಊರೇ ಹೇಳುತ್ತಿತ್ತು. ನಿನ್ನೆಯವರೆಗೆ ನರೆತಿದ್ದ ಅವರ ತಲೆ ಇವತ್ತು ಕಪ್ಪಗಿತ್ತು. ಬೀಗರಾಗುವ ಸಡಗರ ಎಂದುಕೊಂಡು ಮೇಘಶ್ರೀ ಒಳಗೆ ಹೋದಳು.

ಅಡುಗೆಮನೆಯಲ್ಲಿ ಚಿಕ್ಕಮ್ಮ ಪ್ರೇಮಕುಮಾರಿ ಒಬ್ಬಳೇ ಇದ್ದಳು. ಅಮ್ಮನ ತಂಗಿ, ಶಾಲೆಯಲ್ಲಿ ಟೀಚರ್. ಮದುವೆಯಾಗದೆ ಅಕ್ಕನ ಮನೆಯಲ್ಲೇ ಉಳಿದವಳು. ಮೇಘಶ್ರೀಯನ್ನು ಎತ್ತಿ ಆಡಿಸಿದವಳು.

"ಕಾರು ನೋಡಿದ್ಯಾ ಚಿಕ್ಕಮ್ಮ? ಹೆಣ್ಣು ಕೇಳೋಕೆ ಹೊರಟಿದ್ದಾರೆ."

"ನೋಡಿದೆ." ಪ್ರೇಮಕುಮಾರಿ ರೊಟ್ಟಿ ಮಗುಚಿದಳು. "ಮೇಘಾ, ಆ ಮನೆ ವಿಷಯದಲ್ಲಿ ನಿನ್ನ ಮನಸ್ಸಲ್ಲಿ ಏನಾದ್ರೂ ಇದೆಯಾ? ಇದ್ರೆ ಈಗ್ಲೇ ಹೇಳು. ನಾಳೆ ಹೇಳಿ ಪ್ರಯೋಜನ ಇಲ್ಲ."

ಇದೆ ಎಂದರೆ ಶಾಲಿನಿಗೆ ಸೋತೆ ಎಂದು ಒಪ್ಪಿಕೊಂಡಂತೆ.

"ನನಗೆಂತ ಇರುತ್ತೆ?"

"ಸಿಟ್ಟಲ್ಲಿ ಹೇಳ್ಬೇಡ. ನೀನು ಬೇಡ ಅಂದ್ರೆ ಬೇಡ. ನಾನು ಮಾತಾಡ್ತೀನಿ."

"ನೀನು ಮಾತಾಡಿ ತಡೆದು, ಆಮೇಲೆ ನನ್ನ ಅವರ ತಲೆಗೆ ಕಟ್ಟೋದಾ? ಆ ಮನೆಗೆ ಯಾರು ಬೇಕಾದ್ರೂ ಹೋಗ್ಲಿ. ನನಗೇನೂ ಇಲ್ಲ. ಬೇಕಾದ್ರೆ ದೇವರ ಮುಂದೆ ದೀಪ ಮುಟ್ಟಿ ಹೇಳ್ತೀನಿ."

ಪ್ರೇಮಕುಮಾರಿ ರೊಟ್ಟಿ ಕೆಳಗಿಳಿಸಿದಳು. ಒಲೆ ಆರಿಸಿ, ಕೈ ಒರೆಸಿಕೊಂಡು ಹಾಲ್‌ಗೆ ಹೋಗಿ ಫೋನ್ ಮಾಡಿದಳು. ಮಾತು ಬೇಗ ಮುಗಿಯಿತು. ಶಾಲೆಗೆ ರಜೆ ಹೇಳಿರಬೇಕು ಎಂದುಕೊಂಡಳು ಮೇಘಶ್ರೀ.

ಕಿಟಕಿಯಾಚೆ, ಒಳಗೆ ಹೋಗಿದ್ದ ಚನ್ನಕೇಶವ ಹೊರಗೆ ಬಂದು ಮಗನಿಗೆ ಏನೋ ಹೇಳಿದರು. ಕುಮಾರ್ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಅಪ್ಪನ ಹೆಗಲು ತಟ್ಟಿದ. ವಸ್ತಾರೆಯಿಂದ ಫೋನ್ ಬಂತು ಎಂದು ಮೇಘಶ್ರೀಗೆ ಖಾತ್ರಿಯಾಯಿತು. ಅವಳು ಕಿಟಕಿ ಮುಚ್ಚಿದಳು.

ಸಂಜೆ ನಾಲ್ಕಕ್ಕೆ ಕಾರು ಬಂದು ನಿಂತದ್ದು ಅವಳದೇ ಮನೆಯ ಅಂಗಳದಲ್ಲಿ.

ಬೇಲಿ ದಾಟಿದ್ದರೆ ಎರಡು ನಿಮಿಷದ ದಾರಿ. ಆದರೆ ಹೆಣ್ಣು ಕೇಳಲು ಯಾರೂ ಬೇಲಿ ದಾಟಿ ಬರುವುದಿಲ್ಲ. ಸುತ್ತಿ ರಸ್ತೆಯಲ್ಲೇ ಬಂದಿದ್ದರು. ತನ್ನನ್ನೇ ಕೇಳಲು ಬಂದಿದ್ದಾನೆ. ಮೇಘಶ್ರೀ ಓಡಿಹೋಗಿ ಕನ್ನಡಿಯ ಮುಂದೆ ತಲೆ ಬಾಚಿಕೊಂಡು ಹೊರಬಂದಳು.

ಕುಮಾರ್ ಇಳಿದು ಹಿಂದಿನ ಬಾಗಿಲು ತೆಗೆದ. ಹೊಸ ಅಂಗಿ ತೊಟ್ಟ ಚನ್ನಕೇಶವ ಹಣ್ಣು, ಹೂವಿನ ತಟ್ಟೆ ಹಿಡಿದು ತಲೆ ತಗ್ಗಿಸಿ ಇಳಿದರು.

ನಡುಮನೆಯಲ್ಲಿ ಅಮ್ಮ ದೇವೀರಮ್ಮ ತಂಗಿಯ ಮುಡಿಗೆ ಮಲ್ಲಿಗೆ ಮುಡಿಸುತ್ತಿದ್ದಳು. "ಇವಳನ್ನ ಅವರು ಕೇಳಿ ಎರಡು ತಿಂಗಳಾಯ್ತು," ಎಂದಳು ಮಗಳಿಗೆ. "ಕುಮಾರನ ಮೇಲೆ ನಿನಗೆ ಮನಸ್ಸಿರಬಹುದು ಅಂತ ಇವಳೇ ತಡೆದಿದ್ಲು. ಬೆಳಿಗ್ಗೆ ನೀನು ಏನೂ ಇಲ್ಲ ಅಂದ ಮೇಲೇ ಬನ್ನಿ ಅಂತ ಫೋನ್ ಮಾಡಿದ್ದು."

ಮಾರ್ಚಿನಲ್ಲಿ ಚನ್ನಕೇಶವರಿಗೂ ಪ್ರೇಮಕುಮಾರಿಗೂ ಮದುವೆಯಾಯಿತು. ಚಿಕ್ಕಮ್ಮನ ಮಗನಾದ್ದರಿಂದ, ಅಂದಿನಿಂದ ಕುಮಾರ್ ಮೇಘಶ್ರೀಗೆ ಅಣ್ಣ.